ದೊಡ್ಡಪ್ಪ ಕಟ್ಟಿಸಿದ ಪ್ಲಾಟ್‌ಫಾರ್ಮು

ದೊಡ್ಡಪ್ಪನನ್ನು ಯಾರಾದರೂ ಹೊಗಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಹದಿನೆಂಟಕ್ಕೆ ಗ್ಯಾಂಗ್‌ಮನ್ ಆಗಿ ರೈಲ್ವೆ ಸೇರಿ ಹಳಿ ಹೊತ್ತ, ಆಮೇಲೆ ಸಿಗ್ನಲ್ ಕ್ಯಾಬಿನ್ನಿಗೆ ಹೋದ, ಸಂಜೆ ಕಾಲೇಜಿನಲ್ಲಿ ನಕ್ಷೆ ಬರೆಯುವುದನ್ನು ಕಲಿತು ಸ್ಟೇಷನ್ ಕಟ್ಟಿಸುವ ಆರ್ಕಿಟೆಕ್ಟ್ ಆದ. ಬುದ್ಧಿವಂತ, ಇಲ್ಲ ಅನ್ನುವುದಿಲ್ಲ. ಆದರೆ ಕಾಲಿಗೆ ಬಿಳಿ ಬೂಟು ಬಂದದ್ದೇ ತಡ, ಹಳೆಯ ಜೊತೆಗಾರರು ಎದುರಾದರೆ ಗಡಿಯಾರ ನೋಡಿಕೊಳ್ಳತೊಡಗಿದ.

ಅವನ ತಮ್ಮ ನಮ್ಮಪ್ಪ. ಅದೇ ಗ್ಯಾಂಗಿನಲ್ಲಿ ಉಳಿದು ಮೇಸ್ತ್ರಿಯಾಗಿದ್ದ.

ನಮ್ಮೂರಿಗೆ ಹೊಸ ಸ್ಟೇಷನ್ ಬಂತು. ನಕ್ಷೆ ದೊಡ್ಡಪ್ಪನದು, ಹಳಿಯ ನಿಗಾ ಅಪ್ಪನದು. ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ಹಳಿ ತಿರುಗುತ್ತದೆ. ಪ್ಲಾಟ್‌ಫಾರ್ಮು ಇರುವುದು ತಿರುವಿನ ಹೊರಮಗ್ಗುಲಿಗೆ; ಬೋಗಿಯ ಮೆಟ್ಟಿಲಿರುವ ತುದಿಗಳು ಆ ಕಡೆಗೆ ಚಾಚುವುದರಿಂದ ಅಲ್ಲಿ ಅಂಚನ್ನು ಸ್ವಲ್ಪ ಹಿಂದಕ್ಕೆ ಕಟ್ಟಬೇಕು. ಗ್ಯಾಂಗಿನಲ್ಲಿ ಒಂದು ವಾರ ಬೆವರು ಸುರಿಸಿದವನಿಗೂ ಇದು ಗೊತ್ತು. ಅಪ್ಪ ಹೋಗಿ ಹೇಳಿದ. ಸುತ್ತಿಗೆ ಹಿಡಿಯುವವರು ಸ್ಕೇಲಿಗೆ ಕೈ ಹಾಕಬಾರದು ಎಂದು ದೊಡ್ಡಪ್ಪ ಎಲ್ಲರೆದುರು ನಕ್ಕ. ತಾನೇ ಎಂಟು ವರ್ಷ ಸುತ್ತಿಗೆ ಹಿಡಿದವನು!

ಮೊದಲ ರೈಲಿನಲ್ಲೇ ಮೂರು ಬೋಗಿಗಳ ಮೆಟ್ಟಿಲು ಅಂಚಿಗೆ ಉಜ್ಜಿ ಕಿತ್ತುಬಂದವು. ಯಾರಿಗೂ ಪೆಟ್ಟಾಗದಿದ್ದದ್ದು ಪುಣ್ಯ.

ವಿಚಾರಣೆಗೆ ಹೆಡ್ಡಾಫೀಸಿನಿಂದ ಮೂವರು ಬಂದರು. ತಪ್ಪು ನಕ್ಷೆಯದು ಎಂದು ದೊಡ್ಡಪ್ಪ ಒಂದು ಮಾತು ಹೇಳಿದ್ದರೆ ಅಪ್ಪನ ಕೆಲಸ ಉಳಿಯುತ್ತಿತ್ತು. ಅವನಿಗೆ ಹೆಚ್ಚೆಂದರೆ ಒಂದು ಬಡ್ತಿ ತಪ್ಪುತ್ತಿತ್ತು, ಅಷ್ಟೇ. ಅವನು ಕನ್ನಡಕ ಒರೆಸಿಕೊಂಡು, ನಿಗಾ ಸಾಲದೆ ಹಳಿಯೇ ಪ್ಲಾಟ್‌ಫಾರ್ಮಿನ ಕಡೆ ಸರಿದಿದೆ ಎಂದ. ಒಡಹುಟ್ಟಿದ ತಮ್ಮ ಮಾರು ದೂರದಲ್ಲಿ ನಿಂತಿದ್ದ. ಆ ವಾರವೇ ಅಪ್ಪನನ್ನು ಕೆಲಸದಿಂದ ತೆಗೆದರು.

ಹಳಿ ಸರಿದಿದ್ದರೆ ಹಳಿಯನ್ನು ತಾನೇ ಸರಿಮಾಡಬೇಕು? ತಿಂಗಳು ತುಂಬುವ ಮೊದಲೇ ಸದ್ದಿಲ್ಲದೆ ಒಡೆಯಲು ಹೊರಟಿದ್ದು ಪ್ಲಾಟ್‌ಫಾರ್ಮಿನ ಅಂಚನ್ನು. ಗುತ್ತಿಗೆದಾರನಿಗೆ ಕೂಲಿಯಾಳುಗಳು ಬೇಕಾಗಿದ್ದರು. ದೊಡ್ಡಪ್ಪ ತಾನೇ ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತ, ದೊಡ್ಡ ಉಪಕಾರ ಮಾಡುವವನ ಮುಖ ಹೊತ್ತು.

"ತಿರುವಿನ ಕೆಲಸ ನಿನ್ನಷ್ಟು ಗೊತ್ತಿರೋರು ಇನ್ಯಾರಿದ್ದಾರೆ? ಅದಕ್ಕೇ ನಿನ್ನ ಹೆಸರು ಹೇಳಿದ್ದೀನಿ."

ಇಷ್ಟು ನಾಚಿಕೆಗೆಟ್ಟ ಮಾತನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಒಳಗೆ ಅಮ್ಮ ಪಾತ್ರೆ ಕುಕ್ಕಿದಳು. ಅಪ್ಪ ಈಗ ಮುಖಕ್ಕೆ ಉಗಿಯುತ್ತಾನೆ ಎಂದು ನಾನು ಕಾದೆ.

"ಎಷ್ಟು ಗಂಟೆಗೆ ಬರ್ಲಿ, ಅಣ್ಣಾ?" ಎಂದ ಅಪ್ಪ.

ಹನ್ನೊಂದು ದಿನ ಒಡೆದ. ದೊಡ್ಡಪ್ಪನ ಮೇಲಿದ್ದ ಹೇಸಿಗೆ ನನಗೆ ಅಪ್ಪನ ಮೇಲೂ ಬಂತು. ಆದರೆ ಆ ಕೂಲಿಯಲ್ಲಿ ಬೆಂದ ಅನ್ನ ತಟ್ಟೆಗೆ ಬಿದ್ದಾಗ, ಹನ್ನೊಂದು ದಿನವೂ, ನಾನು ಬೇಡ ಅನ್ನಲಿಲ್ಲ.