ಏಳುಮಲೆಯಣ್ಣ ಕಟ್ಟಿದ ಚಾರ್ಜರ್

ಏಳುಮಲೆಯಣ್ಣ ಕಾಫಿ ಕುಡಿಯುವಾಗಲೂ ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಳ್ಳುತ್ತಿದ್ದರು. ಎರಡೂ ಕೈ ತಂತಿಗೆ ತಾಗಿದರೆ ಕರೆಂಟು ಎದೆಯ ಮೂಲಕ ಹರಿಯುತ್ತದೆ, ಒಂದಾದರೂ ದೂರವಿರಲಿ ಎಂದು ಗಣಿಯಲ್ಲಿ ಕಲಿತ ಪಾಠವದು. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಆ ಅಭ್ಯಾಸ ಹೋಗಲಿಲ್ಲ. “ಲೋಟ ಶಾಕ್ ಹೊಡೆಯುತ್ತಾ ಅಣ್ಣ?” ಎಂದು ನಾನು ರೇಗಿಸಿದರೆ, “ನಿನ್ ಕಾಫೀನ ನಂಬೋಕಾಯ್ತದಾಮ್ಮ?” ಎನ್ನುತ್ತಿದ್ದರು.

ಅವರ ಮನೆ ಊರಿಗಾಂನ ಗಣಿ ಕಾರ್ಮಿಕರ ಲೈನಿನಲ್ಲಿ. ನಂದಿದುರ್ಗ ಚಿನ್ನದ ಗಣಿಯ ದೀಪದ ಕೋಣೆಯಲ್ಲಿ ದುಡಿದವರು. ಕೆಳಗಿಳಿದವರು ಮೇಲೆ ಬಂದು ಟೋಪಿಯ ದೀಪ ಒಪ್ಪಿಸಿದರೆ ಅದನ್ನು ಚಾರ್ಜಿಗೆ ಹಾಕುವುದು ಇವರ ಕೆಲಸ. ಪಾಳಿ ಮುಗಿದರೂ ಕೊನೆಯ ದೀಪ ಬರುವವರೆಗೆ ಮನೆಗೆ ಹೊರಡುತ್ತಿರಲಿಲ್ಲವಂತೆ.

ನಾನು ಬಂಗಾರಪೇಟೆಯವಳು, ಶಾಲಾ ಶಿಕ್ಷಕಿ. ಆಸೆಪಟ್ಟು ಕೊಂಡ, ಪೆಟ್ರೋಲೂ ಬ್ಯಾಟರಿಯೂ ಎರಡೂ ಇರುವ ಹಳೆಯ ಹೈಬ್ರಿಡ್ ಕಾರು ವರ್ಷ ತುಂಬುವಷ್ಟರಲ್ಲಿ ಕೆಂಪು ದೀಪ ತೋರಿಸಿ ಮುಷ್ಕರ ಹೂಡಿತು. ಬ್ಯಾಟರಿ ಪೂರ್ತಿ ಬದಲಿಸಿ, ಇಲ್ಲದಿದ್ದರೆ ಗುಜರಿಗೆ ಹಾಕಿ ಎಂದುಬಿಟ್ಟ ಮೆಕ್ಯಾನಿಕ್. ಅಳುವುದೊಂದು ಬಾಕಿ. ಆಗ ಸಹೋದ್ಯೋಗಿಯೊಬ್ಬಳು ಕಳಿಸಿದವರು ಈ ಅಣ್ಣ. ಹಿಂದಿನ ಸೀಟು ಬಿಚ್ಚಿಸಿ, ರಬ್ಬರ್ ಗ್ಲೌಸ್ ಹಾಕಿಕೊಂಡು ಅಲ್ಲಿದ್ದ ಬ್ಯಾಟರಿಯ ಒಂದೊಂದೇ ಸೆಲ್ಲನ್ನು ಅಳೆದರು.

“ಬ್ಯಾಟ್ರಿ ಸತ್ತಿಲ್ಲಮ್ಮ. ಕೆಲವು ಒಟ್ಟೆ ತುಂಬ ಉಂಡವೆ, ಕೆಲವು ಅಸ್ಕೊಂಡವೆ. ಎಲ್ಲಾರ್ಗೂ ನಿದಾನಕ್ಕೆ ಬಡಿಸ್ಬೇಕು.”

“ಉಂಡಿರೋವಕ್ಕೆ ಮತ್ತೆ ಬಡಿಸಿದ್ರೆ?”

“ಬಿಸಿಯಾಯ್ತವೆ. ಗಾಳಿ ಬೀಸ್ಬೇಕು. ಪೊರುಮ್ಮಾ, ಎಲ್ಲಾರೂ ಬರ್ಲಿ.”

ತಾಳ್ಮೆಯಿರಲಿ ಎನ್ನುವುದನ್ನು ಅವರು ತಮಿಳಿನಲ್ಲೇ ಹೇಳಬೇಕು. ಮೂರು ಭಾನುವಾರ ನಮ್ಮ ಜಗಲಿಯಲ್ಲಿ ಕೂತು ಚಾರ್ಜರ್ ಕಟ್ಟಿದರು. ಎಲ್‌ಇಡಿ ಬೀದಿದೀಪಕ್ಕೆ ಹದವಾಗಿ ಕರೆಂಟು ಕೊಡುವ ಎರಡು ಡಬ್ಬಿ, ಒಂದು ವೋಲ್ಟ್ ಮೀಟರು, ಬ್ಯಾಟರಿಗೆ ಗಾಳಿ ಹೊಡೆಯಲು ಫ್ಯಾನು, ಎಲ್ಲಕ್ಕೂ ಒಂದು ಹಳೆಯ ಮರದ ಪೆಟ್ಟಿಗೆ. ಸಣ್ಣ ಕರೆಂಟು, ಒಂದು ದಿನಕ್ಕೂ ಹೆಚ್ಚು ಹೊತ್ತು. ಮೀಟರಿನ ಅಂಕಿ ಏರಿ ಏರಿ ಒಂದು ಕಡೆ ನಿಂತು ಅಲುಗದಿದ್ದರೆ ಎಲ್ಲ ಸೆಲ್ಲೂ ತುಂಬಿದವೆಂದು ಅರ್ಥ. ಮೊದಲ ಸಲ ಅಂಕಿ ನಿಂತಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು.

ಆಮೇಲೆ ಸೆಲ್ಲುಗಳು ಮತ್ತೆ ಏರುಪೇರಾಗದಿರಲೆಂದು ಆರು ತಿಂಗಳಿಗೊಮ್ಮೆ ನಾನೇ ಚಾರ್ಜಿಗೆ ಹಾಕುತ್ತಿದ್ದೆ. ಒಮ್ಮೆ ಹಾಕಿದ ಮೇಲೆ ಜಂಬದಿಂದ ಅವರಿಗೆ ಫೋನ್ ಮಾಡಿದೆ. ನನ್ನ ಮಾತು ಮುಗಿಯಲೂ ಬಿಡಲಿಲ್ಲ. “ಫ್ಯಾನ್ ಸದ್ದೇ ಕೇಳಿಸ್ತಿಲ್ವಲ್ಲಮ್ಮ! ಮೊದ್ಲು ಓಗಿ ಪ್ಲಗ್ ಕೀಳು!” ಓಡಿಹೋಗಿ ನೋಡಿದರೆ ಫ್ಯಾನಿನ ಸ್ವಿಚ್ಚು ಹಾಕುವುದನ್ನೇ ಮರೆತಿದ್ದೆ. ಮಕ್ಕಳಿಗೆ ಪಾಠ ಹೇಳುವವಳ ಹಣೆಬರಹ ಇದು ಎಂದು ವಾರವಿಡೀ ಆಡಿಕೊಂಡರು.

ಕಳೆದ ವರ್ಷ ಅವರ ಕಣ್ಣು ಮಂಜಾಯಿತು. ಹೊಸೂರಿನ ಮಗಳು ತನ್ನಲ್ಲಿಗೇ ಬನ್ನಿ ಎಂದಳು. ನನ್ನ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಹಟ ಹಿಡಿದೆ. ಆ ಕಾರಿನ ಒಡಲು ಬಗೆದು ನೋಡಿದವರು ಅದರಲ್ಲಿ ಒಮ್ಮೆಯೂ ಕೂತು ಹೋಗಿರಲಿಲ್ಲ. ದಾರಿಯಲ್ಲಿ ಕೈಕೊಡಬಾರದೆಂದು ಹಿಂದಿನ ದಿನ ಬೆಳಿಗ್ಗೆಯೇ ಚಾರ್ಜಿಗೆ ಹಾಕಿದ್ದೆ. ಮರುದಿನ ಹೊರಡುವ ಹೊತ್ತಾದರೂ ಮುಗಿದಿರಲಿಲ್ಲ. ಸ್ವಲ್ಪ ತಡವಾಗುತ್ತದೆ ಎಂದು ಫೋನ್ ಮಾಡಿದರೆ, ಬಸ್ಸು ಹತ್ತಿ ಬ್ಯಾಗಿನ ಸಮೇತ ಅವರೇ ನಮ್ಮ ಮನೆಗೆ ಬಂದರು. ಮೀಟರಿಗೆ ಮುಖ ತಾಗಿಸಿ ನೋಡಿದರು.

“ಇನ್ನೂ ಏರ್ತಾ ಐತೆ. ಬಿಚ್ಬೇಡ. ನಾನು ಬಸ್ಸಿಗೇ ಓಗ್ತೀನಿ.”

“ಅಣ್ಣ, ಇದನ್ನ ಹಾಕಿದ್ದೇ ನಿಮಗೋಸ್ಕರ.”

“ಗೊತ್ತಮ್ಮ. ಇನ್ನೊಂದ್ಸಲ ಕರ್ಕೊಂಡೋಗು.”

ಬಿಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಅಷ್ಟು ತುಂಬಿದ್ದರೂ ಕಾರು ಹೊಸೂರು ತಲುಪುತ್ತಿತ್ತು, ಮಿಕ್ಕದ್ದನ್ನು ಮುಂದಿನ ವಾರ ಹಾಕಬಹುದಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಅವರ ಮಾತು ಮೀರಲು ನನಗೆ ಮನಸ್ಸಾಗಲಿಲ್ಲ. ಬಸ್ ನಿಲ್ದಾಣಕ್ಕೆ ಆಟೋ ಹತ್ತಿಸಿ ಕಳಿಸಿದೆ.

ಮೂರು ತಿಂಗಳಿಗೆ ಅವರ ಮಗಳ ಫೋನ್ ಬಂತು, ಅಣ್ಣ ಹೋಗಿಬಿಟ್ಟರೆಂದು. ಒಬ್ಬಳೇ ಹೊರಟೆ. ಹೊಸೂರಿನವರೆಗೆ ಕಾರು ಎಲ್ಲಿಯೂ ತಕರಾರು ಮಾಡಲಿಲ್ಲ, ಒಂದು ದೀಪವನ್ನೂ ತೋರಿಸಲಿಲ್ಲ. ಅಷ್ಟು ಚೆನ್ನಾಗಿ ಓಡಿತೆಂದು ಕಾರನ್ನು ದಾರಿಯುದ್ದಕ್ಕೂ ಬೈದೆ.