ಬಾಣಂತಿ ಕೋಣೆಗೆ ಪುಟ್ಟಸ್ವಾಮಿ ಹುಡುಕಿದ ಒಲೆ

ಮಲ್ಲಿಪಟ್ಟಣದ ಪುಟ್ಟಸ್ವಾಮಿಗೆ ಒಲೆ ಕಂಡರೆ ಬಗ್ಗಿ ಅದರ ಬಾಯೊಳಗೆ ಇಣುಕುವ ಚಾಳಿ. ಮದುವೆ ಮನೆಗೆ ಹೋದರೂ ಅಷ್ಟೆ, ಹೆಣ್ಣುಗಂಡನ್ನು ಆಮೇಲೆ ನೋಡಿಯಾನು, ಮೊದಲು ಅಡುಗೆಯವರ ಒಲೆ. ಪ್ರಾಯದಿಂದಲೂ ಹೊಗೆಸೊಪ್ಪು ಬೆಳೆದು, ಹೊಲದಂಚಿನ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪಿಗೆ ಬಿಸಿ ಕೊಡುವ ಮನೆಯಲ್ಲಿ, ಅದನ್ನು ಬೇಯಿಸಿ ಹದ ಮಾಡಿಕೊಂಡು ಬಂದವನು. ಬೆಂಕಿಯ ಮುಂದೆ ಕೂತೇ ತಲೆ ನರೆತಿತ್ತು. ಆದರೆ ಆ ಚಳಿಗಾಲದಲ್ಲಿ ಅವನು ಒಲೆ ಹುಡುಕಿಕೊಂಡು ಊರೂರು ಅಲೆದದ್ದು ಚಾಳಿಗಲ್ಲ, ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೆ.

ಮಗಳು ನಿಸರ್ಗ ಹಾಸನದ ಗಂಡನ ಮನೆಯಿಂದ ಹೆರಿಗೆಗೆಂದು ಬಂದಿದ್ದಳು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ, ಹೊಗೆ ಎಂದರೆ ಆಗದು. ತಾಯಿ ಕಾಮಾಕ್ಷಮ್ಮನಿಗೋ, ಮಂಚದ ಕೆಳಗೆ ಕೆಂಡದ ಬಾಂಡಲಿ ಇಡದ ಬಾಣಂತನ ಬಾಣಂತನವೇ ಅಲ್ಲ.

“ಪುಷ್ಯದ ಚಳೀಲಿ ಕೆಂಡ ಇಲ್ದೆ ಎಂಗವ್ವಾ? ಮಗೀಗೆ ಶೀತ ಆಗ್ಬುಟ್ರೆ ಯಾರು ನೋಡೋರು?”

“ಕೋಣೇಲಿ ಒಗೆ ಆಕುದ್ರೆ ಮಗೂನ ಎತ್ಕಂಡು ಆಸ್ನಕ್ಕೆ ಒಂಟೋಯ್ತೀನಿ ಕಣವ್ವ” ಎಂದಳು ನಿಸರ್ಗ.

ಇಬ್ಬರೂ ಹಟಮಾರಿಗಳು. ನಡುವೆ ಪುಟ್ಟಸ್ವಾಮಿ ಬಸ್ಸು ಹತ್ತಿದ.

ಹಾಸನದ ಅಂಗಡಿಯೊಂದರಲ್ಲಿ ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕಂಡಿತು. ಎಸ್ಟೇಟಿನ ಹೋಂಸ್ಟೇಯವರು ಕೊಳ್ಳುವಂಥದ್ದು. ಪುಟ್ಟಸ್ವಾಮಿ ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೆ ಕೈ ತೂರಿಸಿದ.

“ಒಗೆ ಎತ್ಲಾಗೋಯ್ತದೆ ಸಾ?”

“ಪೈಪಲ್ಲಿ ಮೇಲಕ್ಕೆ.”

“ಸೌದೆ ಆಕಕ್ಕೆ ಬಾಗ್ಲು ತಗುದ್ರೆ?”

ಅಂಗಡಿಯವನು ಫೋನು ನೋಡತೊಡಗಿದ. ಉತ್ತರ ಸಿಕ್ಕಿದಂತಾಯಿತು.

ಚನ್ನರಾಯಪಟ್ಟಣದಲ್ಲಿ ತೆಂಗಿನ ಚಿಪ್ಪಿನ ಇದ್ದಲು ಉರಿಸುವ ಒಲೆ ತೋರಿಸಿದರು. ಹೊಗೆಯೇ ಕಾಣುವುದಿಲ್ಲ ಎಂದು ಹೊಗಳಿದರು. ಕಣ್ಣಿಗೆ ಕಾಣದ ಹೊಗೆಯೇ ಕೆಟ್ಟದ್ದು, ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ ಎಂದು ಡಾಕ್ಟರು ಮೊದಲೇ ಹೆದರಿಸಿದ್ದರು. ಹಾಗಾಗಿ ಆ ಒಲೆಗೂ ಅವನು ಸೊಪ್ಪು ಹಾಕಲಿಲ್ಲ.

ಕೊನೆಗೆ ಹೊಳೆನರಸೀಪುರದ ವೆಲ್ಡಿಂಗ್ ಅಂಗಡಿ. ಅಲ್ಲಿ ಶಾಂತರಾಜು ಯಾರದೋ ಬ್ಯಾರನ್ನಿಗೆ ದಪ್ಪ ತಗಡಿನ ಕೊಳವೆ ಸುತ್ತುತ್ತಿದ್ದ. ಪುಟ್ಟಸ್ವಾಮಿ ನೋಡುತ್ತ ನಿಂತವನು ಹಣೆ ಚಚ್ಚಿಕೊಂಡ. ಹೆಸರಿಗೆ ಹೊಗೆಸೊಪ್ಪೇ ಹೊರತು, ಬೇಯಿಸುವಾಗ ಎಲೆಗೆ ಹೊಗೆ ತಾಗಿದರೆ ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ಬ್ಯಾರನ್ನಿನ ಒಲೆಯ ಬಾಯಿ ಗೋಡೆಯ ಹೊರಗೆ. ಕೊಳವೆ ಒಳಗೆ ಸುತ್ತಿ ಬಿಸಿ ಕೊಡುತ್ತದೆ, ಹೊಗೆ ಹೊರಗೇ ಹೋಗುತ್ತದೆ. ಇದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು?

“ಕೈಲಿ ಬೆಣ್ಣೆ ಇಟ್ಕಂಡು ಊರೆಲ್ಲ ತುಪ್ಪಕ್ಕೆ ಅಲ್ದಂಗಾಯ್ತು” ಎಂದು ಕಾಮಾಕ್ಷಮ್ಮ ಆಡಿಕೊಂಡು ನಕ್ಕಳು. ಗಾರೆ ಕೆಲಸದ ಸಣ್ಣಯ್ಯ ಬಂದು ಗೋಡೆ ಕೊರೆದು, ಶಾಂತರಾಜು ಮಾಡಿಕೊಟ್ಟ ಕೊಳವೆ ಕೂರಿಸಿ, ಒಲೆಯ ಬಾಯಿಯನ್ನು ಹಿತ್ತಲಿಗೆ ಇಟ್ಟ. ನಿಸರ್ಗ ಆಸ್ಪತ್ರೆಯಿಂದ ಹೆಣ್ಣುಮಗುವಿನೊಂದಿಗೆ ಬಂದಾಗ ಕೋಣೆ ಬೆಚ್ಚಗಿತ್ತು, ಹೊಗೆಯ ವಾಸನೆಯೂ ಇರಲಿಲ್ಲ. ಅವಳು ಮೂಗರಳಿಸಿ ಉಸಿರೆಳೆದುಕೊಂಡು ಅಪ್ಪನ ಕಡೆ ನೋಡಿ ನಕ್ಕಳು. ಅವನಿಗೆ ಸ್ವರ್ಗ ಮೂರೇ ಗೇಣು.

ಪುರುಡು ಕಳೆಯುವವರೆಗೆ ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ, ಕೂಸನ್ನು ಮುಟ್ಟುವಂತಿಲ್ಲ. ಅದಕ್ಕೂ ಈ ಒಲೆ ಸರಿಹೋಯಿತು. ಪುಟ್ಟಸ್ವಾಮಿ ಹಿತ್ತಲಲ್ಲಿ ಕೂತು ಸೌದೆ ನೂಕಿದ. ಕೈ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ. ಬ್ಯಾರನ್ನಿನಲ್ಲಿ ಮೊದಲು ಸಣ್ಣ ಉರಿ, ಆಮೇಲೆ ದಿನದಿನಕ್ಕೂ ಏರಿಸಬೇಕು. ಅವನೂ ದಿನಕ್ಕೊಂದು ಕೊರಡು ಹೆಚ್ಚು ಹಾಕಿದ. ಕೂಸು ಅತ್ತಿತು. ಕಾಮಾಕ್ಷಮ್ಮ ದೃಷ್ಟಿ ತೆಗೆದಳು. ಚಳಿಗೆ ಅಳುತ್ತಿದೆ ಎಂದುಕೊಂಡು ಅವನು ಇನ್ನೊಂದು ಕೊರಡು ನೂಕಿದ.

ಒಂದು ಸಂಜೆ ಹಿತ್ತಲ ಕಿಟಕಿ ಧಡಾರನೆ ತೆರೆಯಿತು. ನಿಸರ್ಗಳ ಮುಖದಲ್ಲಿ ಬೆವರು ಇಳಿಯುತ್ತಿತ್ತು.

“ಅಪ್ಪಾ! ನಾನೂ ನನ್ನ ಮಗಳೂ ಒಗೆಸೊಪ್ಪಲ್ಲ ಕಣಪ್ಪ, ಇಂಗ್ ಬೇಯಿಸ್ಬ್ಯಾಡ! ನೋಡು, ಕೂಸಿನ ಮೈಯೆಲ್ಲ ಬೆವರುಸಾಲೆ.”

ಪುಟ್ಟಸ್ವಾಮಿಯ ಜೀವ ಬಾಯಿಗೆ ಬಂತು. ಉರಿಯುವ ಕೊರಡುಗಳನ್ನು ಎಳೆದು ಮಣ್ಣಿಗೆ ಬಿಸಾಡಿ ನೀರು ಚೆಲ್ಲಿದ. ಹೊಗೆ ಎತ್ತ ಹೋಗುತ್ತದೆ ಎಂದು ಕಂಡಕಂಡವರನ್ನೆಲ್ಲ ಕೇಳಿದ್ದ. ಒಳಗಿರುವ ಮಗಳನ್ನು ಸೆಕೆಯಾಯಿತೇ ಎಂದು ಒಂದು ಸಲವೂ ಕೇಳಿರಲಿಲ್ಲ. ನಾಚಿಕೆಯಿಂದ ಅವನ ಕತ್ತು ಮೇಲೇಳಲಿಲ್ಲ.

“ಆಸ್ನಕ್ಕೆ ಒಂಟೋಯ್ತೀಯಾ ಮಗಾ?” ಎಂದು ಮೆಲ್ಲಗೆ ಕೇಳಿದ.

ನಿಸರ್ಗ ಕಿಟಕಿಯಿಂದ ಸರಿದಳು. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು, ಅದರ ಪಾದವನ್ನು ಕಿಟಕಿಯ ಸರಳಿನಿಂದಾಚೆಗೆ ಇಳಿಬಿಟ್ಟಳು.

“ಇನ್ಮ್ಯಾಕೆ ಮೊದ್ಲು ಇದನ್ನ ಮುಟ್ನೋಡು. ಆಮ್ಯಾಕೆ ಸೌದೆ ಆಕು.”

ಕಾಮಾಕ್ಷಮ್ಮ “ಪುರುಡು ಇನ್ನೂ...” ಎಂದು ಬಾಯಿ ತೆರೆದವಳು ಗಂಡನ ಮುಖ ನೋಡಿ ಸುಮ್ಮನಾದಳು. ಪುಟ್ಟಸ್ವಾಮಿ ಕೈ ತೊಳೆದು, ಪಂಚೆಗೆ ಒರೆಸಿ, ಬೆರಳಿನ ಹಿಂಬದಿಯಿಂದ ಮೊಮ್ಮಗಳ ಪಾದ ಮುಟ್ಟಿದ. ಇಷ್ಟು ಮೆತ್ತನೆಯದನ್ನು ಆ ಕೈ ಮುಟ್ಟಿ ಬಹಳ ವರ್ಷವಾಗಿತ್ತು. ಅವನ ಕಣ್ಣು ತುಂಬಿತು.

ನಿಸರ್ಗ ಹಾಸನಕ್ಕೆ ಹೊರಡಲಿಲ್ಲ. ಆದರೆ ಅಂದಿನಿಂದ ಪುಟ್ಟಸ್ವಾಮಿ ಹೊತ್ತುಹೊತ್ತಿಗೂ ಕಿಟಕಿಯ ಹತ್ತಿರ ಬಂದು ನಿಲ್ಲತೊಡಗಿದ.

“ಈಗಿನ್ನೂ ಮುಟ್ಟಿದ್ರಲ್ಲಾ!” ಎಂದು ಕಾಮಾಕ್ಷಮ್ಮ ಒಳಗಿನಿಂದ ಗದರಿದಳು. “ಅಲ್ಲಿ ಒಲೆ ಆರೋಗೈತೆ, ಓಗಿ.”