ಅಟ್ಟದ ಕೆಳಗಿನ ಬಾಣಂತನ

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ದಿನಗಳಲ್ಲಿ, ನೊಣವಿನಕೆರೆ ಸುತ್ತಿನ ನಮ್ಮಂಥ ಊರುಗಳಲ್ಲಿ ಬೇಸಗೆಗೆ ಮನೆ ತಂಪು ಮಾಡುವುದೆಂದರೆ ಮೈಮುರಿದು ಮಾಡುವ ಕೆಲಸವಾಗಿತ್ತು. ಬಿಸಿಲೇರುವ ಮೊದಲೇ ಅಂಗಳಕ್ಕೆ ನೀರು ಹಾಕಬೇಕು. ನೆಲ ಸಾರಿಸಬೇಕು. ಕಿಟಕಿಗೆ ಗೋಣಿಚೀಲ ಕಟ್ಟಿ, ಅದು ಒಣಗಿದಾಗಲೆಲ್ಲ ನೀರು ಚಿಮುಕಿಸಬೇಕು. ತೋಟದಲ್ಲಿ ಬಿದ್ದ ತೆಂಗಿನ ಗರಿಗಳನ್ನು ಎಳೆದು ತಂದು, ತೊಟ್ಟಿಯಲ್ಲಿ ನೆನೆಹಾಕಿ, ಹೆಣೆದು, ಮನೆ ಮುಂದೆ ಚಪ್ಪರ ಹಾಕಬೇಕು. ಫ್ಯಾನು ನಮ್ಮ ಮನೆಯಲ್ಲೂ ಒಂದಿತ್ತು. ಹಗಲು ಹೊತ್ತು ಕರೆಂಟು ಇರುತ್ತಿದ್ದದ್ದೇ ಕಡಿಮೆ.

ನನಗೆ ಒಂಬತ್ತು ವರ್ಷವಾಗಿದ್ದ ಬೇಸಗೆಯಲ್ಲಿ ಇಷ್ಟೆಲ್ಲ ಮಾಡಿದರೂ ಸಾಲಲಿಲ್ಲ. ಅದಕ್ಕೆ ಅರ್ಧ ಕಾರಣ ಬಿಸಿಲು, ಇನ್ನರ್ಧ ಕೋತಿಗಳು. ವರ್ಷವೆಲ್ಲಾ ಕೋತಿಗಳು ಮಾಡಿನ ಮೇಲೆ ಕುಣಿದು ಹೆಂಚು ಒಡೆಯುತ್ತಿದ್ದವು. ಬೇಸತ್ತ ಅಪ್ಪ ಸಂಕ್ರಾಂತಿ ಕಳೆದ ಮೇಲೆ ಹಳೇ ಹೆಂಚನ್ನೆಲ್ಲ ಇಳಿಸಿ ಸಿಮೆಂಟ್ ಶೀಟು ಹೊದಿಸಿದರು. "ಇನ್ಮೇಲೆ ಆನೆ ಬಂದ್ ಕುಣಿದ್ರೂ ಏನೂ ಆಗಲ್ಲ ಬುಡು" ಎಂದು ಓಡಾಡುವವರನ್ನೆಲ್ಲ ನಿಲ್ಲಿಸಿ ತೋರಿಸಿದರು. ಯುಗಾದಿ ಬರುವ ಹೊತ್ತಿಗೆ ಗೊತ್ತಾಯಿತು. ಹನ್ನೊಂದು ಗಂಟೆಗೆಲ್ಲ ಶೀಟು ಕಾದು ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಮನೆಯೊಳಗೆ ನಿಂತರೆ ನೆತ್ತಿಗೆ ಯಾರೋ ಕಾದ ಕಾವಲಿ ಹಿಡಿದಂತಾಗುತ್ತಿತ್ತು. ಅಪ್ಪ ಶೀಟಿನ ವಿಷಯ ಎತ್ತುವುದನ್ನೇ ಬಿಟ್ಟರು.

ಅದೇ ಹೊತ್ತಿಗೆ ಸರೋಜತ್ತೆಗೆ ಹೆರಿಗೆಯಾಯಿತು. ಅವಳು ಅಪ್ಪನ ತಂಗಿ. ಮೊದಲ ಬಾಣಂತನಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ತಿಪಟೂರಿನ ಆಸ್ಪತ್ರೆಯಿಂದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದ ದಿನವೇ ಅಜ್ಜಿ ಅವರಿಬ್ಬರನ್ನೂ ಒಳಕೋಣೆಗೆ ಸೇರಿಸಿ ಬಾಗಿಲು ಮುಂದೆ ಮಾಡಿದಳು. ಆ ಕೋಣೆಗಿದ್ದ ಒಂದೇ ಕಿಟಕಿಯ ಸಂದಿಗಳಿಗೂ ಬಟ್ಟೆ ತುರುಕಿದಳು. ಅತ್ತೆಯ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಮಂಚದ ಕೆಳಗೆ ಬಾಣಲೆಯಲ್ಲಿ ಕೆಂಡ. ಮಗುವಿಗೆ ಮೂರು ಸುತ್ತು ಬಟ್ಟೆ, ಮೇಲೊಂದು ಟೋಪಿ. ಕೋಣೆಯೊಳಗೆ ಸಾಂಬ್ರಾಣಿ, ಬೆಳ್ಳುಳ್ಳಿ, ಹರಳೆಣ್ಣೆ, ಬೆವರು ಎಲ್ಲ ಕಲೆತ ವಾಸನೆ. ಊಟಕ್ಕೆ ಮೆಣಸಿನ ಸಾರು, ಬಿಸಿ ಅನ್ನ. ನೀರು ಮಾತ್ರ ಊಟದ ಜೊತೆ ಅರ್ಧ ಲೋಟ, ಅದೂ ಕಾಯಿಸಿ ಆರಿಸಿದ್ದು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ಅಜ್ಜಿಯ ಮಾತು. ಅದಕ್ಕೆ ಎದುರಾಡುವವರು ಮನೆಯಲ್ಲಿ ಇರಲಿಲ್ಲ.

ನನಗೆ ಎರಡು ಕೆಲಸ ಕೊಟ್ಟಿದ್ದರು. ಮಗುವಿನ ತುಂಡುಬಟ್ಟೆಗಳನ್ನು ಅಮ್ಮ ಒಗೆದುಕೊಟ್ಟರೆ ಹಗ್ಗಕ್ಕೆ ಹರವಬೇಕು. ಮಧ್ಯಾಹ್ನ ಎಲ್ಲರೂ ಚಪ್ಪರದ ಕೆಳಗೆ ಉರುಳಿಕೊಂಡಾಗ ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತಿರಬೇಕು. ಹಾಗೆ ಕೂತಿದ್ದಾಗ ಒಂದು ದಿನ ಅತ್ತೆ ಮೆಲ್ಲಗೆ ಕರೆದಳು.

"ಪುಟ್ಟೀ, ವಸಿ ನೀರ್ ತಂದ್ಕೊಡೇ. ಗಂಟ್ಲು ಒಣಗೋಗೈತೆ."

"ಅಜ್ಜಿ ಬೈತಾರೆ."

"ಅಜ್ಜಿಗ್ಯಾಕೆ ಹೇಳ್ತೀಯ? ಒಂದೇ ಚೊಂಬು ಕಣೇ, ನನ್ ಬಂಗಾರ."

ಮಡಕೆಯ ನೀರನ್ನು ಲಂಗದ ಮರೆಯಲ್ಲಿ ಹಿಡಿದುಕೊಂಡು ಹೋಗಿ ಕೊಟ್ಟೆ. ಅತ್ತೆ ಉಸಿರು ಬಿಡದೆ ಕುಡಿದಳು. ಗದ್ದದಿಂದ ಇಳಿದ ನೀರು ಮಗುವಿನ ಟೋಪಿಯ ಮೇಲೆ ಬಿತ್ತು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ನಡುಮನೆಯಲ್ಲೇ ಅಜ್ಜಿ ಎದುರಾದಳು. ನಾನು ಬೆದರಿದ್ದಕ್ಕೆ ಚೊಂಬು ಕೈಜಾರಿ ಲಂಗವೆಲ್ಲ ಒದ್ದೆಯಾಯಿತು.

"ಬಾಣಂತಿಗೆ ತಣ್ಣೀರ್ ಕೊಟ್ಟು ಆ ಕೂಸನ್ನ ಕೊಂದ್ಬುಡ್ತೀಯೇನೇ?" ಅಜ್ಜಿ ಹೊಡೆಯಲಿಲ್ಲ. ಆದರೆ ಆ ಮಾತು ಏಟಿಗಿಂತ ಜೋರಾಗಿ ತಾಗಿತು. ಆಮೇಲೆ ಅತ್ತೆ ಕರೆದರೂ ನಾನು ಕೇಳಿಸದವಳಂತೆ ಕೂತುಬಿಡುತ್ತಿದ್ದೆ.

ಎರಡು ದಿನ ಕಳೆದಿತ್ತು. ಬೆಳಿಗ್ಗೆ ಬಟ್ಟೆ ಹರವಲು ಹೋದರೆ ಅಮ್ಮನ ಬಕೆಟ್ಟಿನಲ್ಲಿ ಒಂದೇ ಒಂದು ತುಂಡುಬಟ್ಟೆ ಇತ್ತು. ದಿನವೂ ಹಗ್ಗ ಸಾಲದೆ ಬೇಲಿಯ ಮೇಲೂ ಹಾಕುತ್ತಿದ್ದೆವು. ಒಳಗೆ ಮಗು ಅಳುವುದನ್ನೂ ನಿಲ್ಲಿಸಿತ್ತು. ಬೆಕ್ಕಿನ ಮರಿಯಂತೆ ಆಗೊಮ್ಮೆ ಈಗೊಮ್ಮೆ ಸಣ್ಣಗೆ ಮುಲುಗುತ್ತಿತ್ತು. ಮೈ ಸುಡುತ್ತಿತ್ತು. ಎದೆಗೆ ಹಿಡಿದರೆ ಎರಡು ಸಲ ಚೀಪಿ ಬಾಯಿ ಬಿಟ್ಟುಬಿಡುತ್ತಿತ್ತು. ಅಜ್ಜಿ ದೃಷ್ಟಿ ತೆಗೆದಳು. ಶೀತವೇ ಜ್ವರವಾಗಿ ತಿರುಗಿದೆ ಎಂದು ಇನ್ನೊಂದು ಬಟ್ಟೆ ಸುತ್ತಿದಳು, ಕೆಂಡ ಹೆಚ್ಚಿಸಿದಳು.

ನಾನು ಹಿತ್ತಲಲ್ಲಿ ಹೋಗಿ ಕೂತುಬಿಟ್ಟೆ. ನಾನು ಕೊಟ್ಟ ನೀರಿನಿಂದಲೇ ಹೀಗಾಯಿತು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಅಪ್ಪ ಯಾರಿಗೂ ಹೇಳದೆ ಸೈಕಲ್ ಹತ್ತಿ ಹೋಗಿ ನರ್ಸಮ್ಮನನ್ನು ಕರೆತಂದರು. ಅವರು ನಮ್ಮ ಸುತ್ತಲಿನ ಹಳ್ಳಿಗಳಿಗೆಲ್ಲ ಬಂದು ಮಕ್ಕಳಿಗೆ ಚುಚ್ಚುಮದ್ದು ಹಾಕುತ್ತಿದ್ದ ಗಟ್ಟಿ ಹೆಂಗಸು. ಕೋಣೆಯೊಳಗೆ ಕಾಲಿಟ್ಟವರು ಮೊದಲು ಕೆಂಡದ ಬಾಣಲೆಯನ್ನು ಹೊರಗೆ ಹಾಕಿಸಿದರು.

"ಅಜ್ಜೀ, ನಂಗೇ ಇಲ್ಲಿ ನಿಂತ್ಕಳಕ್ಕಾಗ್ತಿಲ್ಲ. ಹದಿನೈದು ದಿನದ ಕೂಸು ಹೆಂಗ್ ತಡ್ಕತದೆ?" ಎನ್ನುತ್ತಲೇ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿದರು. ಮೈಮೇಲೆಲ್ಲ ಬೆವರುಸಾಲೆ ಕೆಂಪಗೆ ಎದ್ದಿತ್ತು. "ಉಚ್ಚೆ ಎಷ್ಟ್ ಸಲ ಹುಯ್ಯುತ್ತೆ?"

ಯಾರಿಗೂ ಲೆಕ್ಕ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಬಾಗಿಲ ಹಿಂದೆ ನಿಂತೇ ಹೇಳಿದೆ, "ನೆನ್ನೆಯಿಂದ ಒಂದೇ ಬಟ್ಟೆ." ಆಮೇಲೆ ತಡೆಯಲಾಗದೆ, "ನಾನೇ ಅತ್ತೆಗೆ ನೀರು ಕೊಟ್ಟಿದ್ದು" ಎಂದು ಅತ್ತುಬಿಟ್ಟೆ.

ನರ್ಸಮ್ಮ ತಿರುಗಿ ನೋಡಿದರು. "ಯಾಕೆ ನಿಲ್ಲಿಸ್ದೆ? ತಾಯಿಗೆ ನೀರಿಲ್ದೆ ಹಾಲು ಎಲ್ಲಿಂದ ಬರ್ತದವ್ವಾ? ಹೋಗು, ಇನ್ನೊಂದು ಚೊಂಬು ತಗೊಂಡ್ ಬಾ."

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ನೆಲ ನೋಡುತ್ತಿದ್ದಳು.

"ನನ್ ಎಲ್ಡನೇ ಕೂಸು ಹೋಗಿದ್ದು ಥಂಡಿ ಹಿಡಿದು ಕಣವ್ವಾ," ಎಂದಳು ಅಜ್ಜಿ, ಯಾರನ್ನೂ ನೋಡದೆ. "ಆಷಾಢದ ಗಾಳಿ. ಗರಿ ಮನೆ. ಮೈಮೇಲೆ ಹೊದಿಸಕ್ಕೆ ಒಣಗಿದ್ ಬಟ್ಟೆ ಇರ್ಲಿಲ್ಲ. ಇದನ್ನಾದ್ರೂ ಬೆಚ್ಚಗಿಡಾನ ಅಂತ ಮಾಡ್ದೆ."

ಅಪ್ಪ ತಲೆಯೆತ್ತಿ ನೋಡಿದರು. ಈ ಮಾತನ್ನು ಅವರೂ ಅವತ್ತೇ ಮೊದಲು ಕೇಳಿದ್ದು.

ನರ್ಸಮ್ಮನ ದನಿ ಇಳಿಯಿತು. "ನೀವು ಮಾಡಿದ್ದು ಮಳೆಗಾಲಕ್ಕೆ ಸರಿ ಅಜ್ಜೀ. ಇದು ಬೇಸಗೆ. ಈ ಶೀಟಿನ ಕೆಳಗೆ ಮಾತ್ರ ಬ್ಯಾಡ. ತಂಪಾಗಿರೋ ಕಡೆ ಮಲಗಿಸಿ, ಗಂಟೆಗೊಂದ್ಸಲ ಹಾಲ್ ಕುಡಿಸಿ. ನಾಲ್ಕೂವರೆ ಬಸ್ಸಿನ ಹೊತ್ತಿಗೆ ಕೂಸು ಉಚ್ಚೆ ಹುಯ್ದು ಗೆಲುವಾಗ್ದಿದ್ರೆ ತಿಪಟೂರಿಗೆ ಹೊರಡೋದೇ. ನಾನೂ ಬತ್ತೀನಿ."

ಆಗ ಹನ್ನೆರಡು ಗಂಟೆ. ಅಪ್ಪ ಶೀಟಿನ ಮೇಲೆ ನೀರು ಹುಯ್ಯುತ್ತೇನೆಂದು ಏಣಿ ತಂದರು. ನೀರು ಆರಿದ ಗಳಿಗೆಗೇ ಅದು ಮತ್ತೆ ಕಾಯುತ್ತದೆಂದು ಅಜ್ಜಿ ತಡೆದಳು. ಒಬ್ಬಳೇ ಹೊರಗೆ ಹೋಗಿ ದನದ ಕೊಟ್ಟಿಗೆ, ಬಚ್ಚಲು, ಪಡಸಾಲೆ ಎಲ್ಲಾ ಕಡೆ ಗೋಡೆಗೆ ಅಂಗೈ ಒತ್ತಿ ಒತ್ತಿ ನೋಡಿದಳು. ಕೊನೆಗೆ ಹಿತ್ತಲ ಅಟ್ಟದ ಮನೆಯಿಂದ ಅಪ್ಪನನ್ನು ಕೂಗಿದಳು.

"ಲೋ ರಾಜಾ, ಮಂಚ ಇಲ್ಲಿಗ್ ತಗೊಂಡ್ ಬಾರ್ಲಾ!"

ಅಟ್ಟದ ಮನೆ ಎಂದರೆ ಕೊಬ್ಬರಿಗೆಂದು ಕಾಯಿ ತುಂಬುವ ಜಾಗ. ಮೊಳದಗಲದ ಮಣ್ಣಿನ ಗೋಡೆ, ಹಳೇ ಹೆಂಚು. ಆಳೆತ್ತರದಲ್ಲಿ ಬಿದಿರಿನ ಅಟ್ಟ. ಅದರ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ಮಾಡು ಮುಟ್ಟುವಷ್ಟು ರಾಶಿ, ವರ್ಷವಿಡೀ ಒಳಗೊಳಗೇ ಒಣಗುತ್ತಾ ಕೂತಿರುತ್ತಿತ್ತು. ಬಿಸಿಲು ಹೆಂಚು ದಾಟಿದರೂ ಆ ರಾಶಿ ದಾಟಿ ಕೆಳಗಿಳಿಯುತ್ತಿರಲಿಲ್ಲ. ಕೆಳಗೆ ನೇಗಿಲು, ಹಗ್ಗ, ಹಿಂಡಿ ಚೀಲ, ಇಲಿಗಳು. ಬಾಣಂತಿ ಇರಲಿ, ನಮ್ಮನ್ನೂ ಅಲ್ಲಿ ಆಡಲು ಬಿಡುತ್ತಿರಲಿಲ್ಲ.

ಅಮ್ಮ, ಅಪ್ಪ, ನಾನು ಸಾಮಾನು ಹೊರಗೆ ಹಾಕಿದೆವು. ಅಜ್ಜಿ ಲಾಟೀನು ಹಿಡಿದು ಮೂಲೆ ಮೂಲೆ ಚೇಳು ಹುಡುಕಿದಳು, ಒಂದು ಸಿಕ್ಕಿತು. ನೆಲಕ್ಕೆ ಎರಡು ಕೊಡ ನೀರು ಹಾಕಿ ಗುಡಿಸಿ, ಬಾಗಿಲಿಗೆ ತನ್ನದೇ ಸೀರೆಯನ್ನು ನೆನೆಸಿ ಕಟ್ಟಿದಳು. ಅಟ್ಟದಿಂದ ದೂಳು ಉದುರದಂತೆ ಮಂಚದ ಮೇಲೆ ಪಂಚೆ ಬಿಗಿದಳು. ಅತ್ತೆ ಒಳಗೆ ಬಂದು ಕೂತವಳು ತಲೆಯ ಬಟ್ಟೆ ಬಿಚ್ಚಿ "ಅವ್ವಾ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದಳು.

ಆಮೇಲೆ ಕಾಯುವುದು. ನಾನು ನೀರು ತಂದುಕೊಡುವುದು, ಅತ್ತೆ ಕುಡಿಯುವುದು, ಮಗುವಿನ ಬಾಯಿಗೆ ಎದೆ ಹಿಡಿಯುವುದು. ಮೊದಲ ಸಲ ಕುಡಿಯಲಿಲ್ಲ. ಎರಡನೆಯ ಸಲ ಸ್ವಲ್ಪ ಕುಡಿಯಿತು. ಮೂರರ ಹೊತ್ತಿಗೆ ಅದು ಚೀಪುವ ಸದ್ದು ಬಾಗಿಲಲ್ಲಿ ಕೂತ ನನಗೂ ಕೇಳಿಸಿತು. ನಾಲ್ಕು ಗಂಟೆಗೆ ಅಪ್ಪ ಶರ್ಟು ಹಾಕಿಕೊಂಡು, ಅಮ್ಮ ಕೈಚೀಲಕ್ಕೆ ಬಟ್ಟೆ ತುಂಬಿಕೊಂಡು ನಿಂತರು. ಅಜ್ಜಿ ಮಗುವನ್ನು ಬರೀ ಮೈಯಲ್ಲೇ ಕಾಲಮೇಲೆ ಮಲಗಿಸಿಕೊಂಡು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಳು. ಗಾಳಿ ಹಾಕುತ್ತಿದ್ದ ಕೈ ಒಮ್ಮೆಗೇ ನಿಂತಿತು.

"ಹುಯ್ತು ಕಣ್ಲಾ," ಎಂದಳು.

ಸೀರೆಯ ಮೇಲೆ ಒದ್ದೆ ಹರಡುತ್ತಿತ್ತು. ಅಮ್ಮ ಬಟ್ಟೆ ಹಿಡಿದು ಓಡಿಬಂದರೆ ಅಜ್ಜಿ ಒರೆಸಗೊಡಲಿಲ್ಲ. "ಇರ್ಲಿ ಬುಡೇ, ಇರ್ಲಿ" ಎನ್ನುತ್ತಾ ಹಾಗೇ ಕೂತಿದ್ದಳು. ಬಸ್ಸಿನ ಹೊತ್ತಿಗೆ ನರ್ಸಮ್ಮ ಮತ್ತೆ ಬಂದು ಮಗುವಿನ ಮೈ ಮುಟ್ಟಿ ನೋಡಿ, ಬಸ್ಸನ್ನು ಹೋಗಲು ಬಿಟ್ಟರು.

ಆ ಬೇಸಗೆ ಮುಗಿಯುವವರೆಗೆ ಬಾಣಂತನ ಅಟ್ಟದ ಕೆಳಗೇ ನಡೆಯಿತು. ಒಂದು ವಾರ ಬಿಟ್ಟು ಕಾಯಿ ಸುಲಿಯುವವರು ಬಂದಾಗ, ಮೇಲಿನ ರಾಶಿ ಇಳಿಸಿದರೆ ಕೆಳಗೆ ಕಾವಾಗುತ್ತದೆಂದು ಅಪ್ಪ ಅವರಿಗೆ ಮಜ್ಜಿಗೆ ಕೊಟ್ಟು ವಾಪಸ್ ಕಳಿಸಿದರು. ನಿಧಾನವಾಗಿ ನಾವೆಲ್ಲ ಅಲ್ಲಿಗೇ ಸೇರಿಕೊಂಡೆವು. ಅಮ್ಮ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ನಾನೂ ಅತ್ತೆಯೂ ಹುಣಸೆಬೀಜದಲ್ಲಿ ಚೌಕಾಬಾರ ಆಡುತ್ತಿದ್ದೆವು. ಅಜ್ಜಿ ಬಾಣಂತಿಗೆ ತಾನೇ ಕೂತು ನೀರು ಕುಡಿಸುತ್ತಿದ್ದಳು, ಬೇಡವೆಂದರೂ ಬಿಡುತ್ತಿರಲಿಲ್ಲ. ನಾನು ಅಜ್ಜಿಯ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದೆ. ಮೇ ಕೊನೆಗೆ ಮಳೆ ಬಿದ್ದ ಮೇಲೆಯೇ ಮಂಚ ಮನೆಯೊಳಗೆ ಹೋದದ್ದು.

ಆ ಮಗು ಈಗ ಹುಳಿಯಾರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಈ ಕಥೆ ಹೇಳಿದರೆ ನಗುತ್ತಾಳೆ. ಅಪ್ಪ ಶೀಟು ತೆಗೆದು ತಾರಸಿಯ ಮೋಲ್ಡ್ ಮನೆ ಕಟ್ಟಿಸಿದರು. ತೋಟದಲ್ಲೇ ಕಾಯಿ ಕೊಳ್ಳುವವರು ಬಂದಮೇಲೆ ಅಟ್ಟ ಖಾಲಿ ಬಿದ್ದು, ಗೆದ್ದಲು ಹಿಡಿದು, ಒಂದು ಮಳೆಗಾಲಕ್ಕೆ ಗೋಡೆಯೂ ಕುಸಿಯಿತು. ಈಗಿನ ಬೇಸಗೆ ಆಗಿನದಕ್ಕಿಂತ ಜೋರು. ಊರಿಗೆ ಹೋದಾಗ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಫ್ಯಾನಿನ ಕೆಳಗೆ ಮಲಗುತ್ತೇವೆ. ಊಟಕ್ಕೆ ಕರೆಯಬೇಕೆಂದರೂ ಫೋನು ಮಾಡುತ್ತೇವೆ.

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವತ್ತು ನರ್ಸಮ್ಮನ ಮುಂದೆ ಒಂದೇ ಒಂದು ಸಲ ಬಾಯಿಗೆ ಬಂದ ಆ ಎರಡನೇ ಕೂಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಪ್ಪನನ್ನು ಕೇಳಿದೆ, ಗೊತ್ತಿಲ್ಲ ಎಂದರು. ಅತ್ತೆಗೂ ಗೊತ್ತಿಲ್ಲ. ಅದು ಗಂಡೋ ಹೆಣ್ಣೋ, ಎಷ್ಟು ದಿನ ಬದುಕಿತ್ತೋ, ಹೆಸರಿಟ್ಟಿದ್ದರೋ ಇಲ್ಲವೋ. ಒಂದು ತಿಂಗಳು ಅಜ್ಜಿಯ ಸೆರಗು ಹಿಡಿದುಕೊಂಡು ಮಲಗಿದ್ದೆ, ಕೇಳಬಹುದಿತ್ತು.